ಎಡಗೈಯ ವೀಣೆ

“ಒಂದು ಸ್ಕ್ಯಾನರ್ ಬೇಕು. ನಿಮ್ಮ ಮಾನ ಕಳೆಯೋಕೆ!”

ತಿಲಕ್ ನಗರದ ಪುಟ್ಟ ಕ್ಯಾಮೆರಾ ಅಂಗಡಿಯಲ್ಲಿ ಲೆನ್ಸ್ ಒರೆಸುತ್ತಿದ್ದ ಸಿದ್ದಾರೂಢ ತಲೆಯೆತ್ತಿದ. ಎದುರಿಗೆ ವಿಭಾ. ಎರಡು ವರ್ಷಗಳ ನಂತರ!

“ಕುಂದರ್ರಿ ವಿಭಾ... ಬಿಸಿಲಾಗ ಬಂದೀರಿ,” ಎಂದು ತನ್ನ ಕಡೆಗಿದ್ದ ಫ್ಯಾನನ್ನು ಅವಳತ್ತ ತಿರುಗಿಸಿದ.

‘ಗಾಳಿ ಬೀಸಿದ ಮಾತ್ರಕ್ಕೆ ಮರೆತುಬಿಡ್ತೀನಾ?’ ಅವಳ ಮನಸ್ಸು ಕುದಿಯಿತು.

ಮರೆಯುವಂಥದ್ದೇ ಅದು? ಅವಳ ತಂದೆ ವೆಂಕಟಾಚಲ ಜಯನಗರದಲ್ಲಿ ತಾವು ತೆಗೆದ ಚಿತ್ರಗಳ ಪ್ರದರ್ಶನ ಇಟ್ಟಿದ್ದರು. ನಟ್ಟನಡುವೆ, ತೀರಿಹೋದ ಹೆಂಡತಿ ವಿಮಲಾ ವೀಣೆ ನುಡಿಸುತ್ತಿರುವ ದೊಡ್ಡ ಪಟ. ಹಳೆಯ ಚೌಕ ನೆಗೆಟಿವ್ ಸ್ಕ್ಯಾನ್ ಮಾಡಿ, ಫ್ರೇಮ್ ಹಾಕಿಸಿ ತಂದವನು ಸಿದ್ದಾರೂಢ. ಮುಚ್ಚಿದ ಬಟ್ಟೆ ಸರಿಸಿದರೆ... ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು!

“ಏನ್ ಸಾರ್, ನಿಮ್ಮ ಮನೆಯವ್ರು ಎಡಗೈಯಲ್ಲಿ ವೀಣೆ ಬಾರಿಸ್ತಿದ್ರಾ?” ಯಾರೋ ನಕ್ಕರು.

“ಯಾರು ಮಾಡಿದ್ದು ಇದು?” ಎಂದು ಅಪ್ಪ ಕೇಳಿದಾಗ ಅವನು “ನಾನು” ಎಂದಷ್ಟೇ ಹೇಳಿದ. ಅಂದಿನಿಂದ ಅಪ್ಪ ಕ್ಯಾಮೆರಾ ಮುಟ್ಟಿಲ್ಲ. ಮರುವಾರ ನಡೆಯಬೇಕಿದ್ದ ವಿಭಾ-ಸಿದ್ದಾರೂಢರ ಮದುವೆಯ ಮಾತೂ ಅಲ್ಲಿಗೇ ನಿಂತಿತು.

ಈಗ ಅದೇ ನೆಗೆಟಿವನ್ನು ತಾನೇ ಸರಿಯಾಗಿ ಸ್ಕ್ಯಾನ್ ಮಾಡಿ, ಎರಡೂ ಚಿತ್ರ ಅಕ್ಕಪಕ್ಕ ಇಟ್ಟು ಫೋಟೋಗ್ರಾಫರ್‌ಗಳ ಗುಂಪಿಗೆಲ್ಲ ಕಳಿಸಬೇಕು. ಈ ಅಂಗಡಿಗೆ ಮತ್ತೊಬ್ಬರು ಕಾಲಿಡಬಾರದು! ಅದಕ್ಕೆ ಬೇಕಾದ ಆಯುಧವನ್ನೂ ಇವನ ಕೈಯಿಂದಲೇ ಕೊಳ್ಳಬೇಕು. ಅದು ಅವಳ ಹಟ.

“ಆ ದೊಡ್ಡ ಸ್ಕ್ಯಾನರ್ ಕೊಡಿ.”

“ಅದು ಫಿಲ್ಮಿಗೇ ಅಂತ ಮಾಡಿದ್ದು, ಚಿತ್ರ ಭಾಳ ಸ್ಪಷ್ಟ ಬರ್ತದ. ಆದ್ರ ಹಳೇದು, ಕೆಟ್ರ ರಿಪೇರಿ ಮಾಡೋರಿಲ್ಲ. ಈ ಚಪ್ಪಟೆ ಗಾಜಿಂದು ತಗೋರಿ. ನಾನೂ ಮೊದ್ಲಿಂದ ಇದ್ರಾಗೇ ಮಾಡೋದು. ನಿಮ್ಮ ಅಗಲ ಫಿಲ್ಮಿಗೆ ಸಾಕು. ಸುರುಳಿ ಆಗದಂಗ ಹೋಲ್ಡರ್‌ನ್ಯಾಗ ಒತ್ತಿ ಕೂಡಿಸ್ಬೇಕು, ಅಷ್ಟ.”

‘ಕೆಡಿಸೋಕೆ ಬಂದವಳಿಗೂ ಇಷ್ಟು ನಿಜ ಹೇಳ್ತಾನಾ?’ ಒಂದು ಕ್ಷಣ ಅಳುಕಿದಳು. ಮರುಕ್ಷಣವೇ ಗಟ್ಟಿಯಾದಳು.

“ನಾನೇ ಹಾಕಿ ನೋಡ್ತೀನಿ. ನೀವು ಮುಟ್ಬೇಡಿ!”

ಚೀಲದಿಂದ ನೆಗೆಟಿವ್ ಇದ್ದ ಪ್ಲಾಸ್ಟಿಕ್ ಕವರ್ ತೆಗೆದಳು. ಮೇಲೆ ಕೆಂಪು ಮಾರ್ಕರ್‌ನಲ್ಲಿ ‘ಈ ಬದಿ ಮೇಲೆ’ ಎಂದು ಅವಳದೇ ಅಕ್ಷರ. ಪ್ರದರ್ಶನಕ್ಕೆಂದು ಎಲ್ಲವನ್ನೂ ಜೋಡಿಸಿ ಬರೆದುಕೊಟ್ಟವಳು ಅವಳೇ. ಬರೆದಂತೆಯೇ ಫಿಲ್ಮನ್ನು ಕೂರಿಸಿದಳು.

ಬೆಳಕಿನ ಗೆರೆ ನಿಧಾನವಾಗಿ ಸರಿಯಿತು. ಕಂಪ್ಯೂಟರಿನಲ್ಲಿ ಅಮ್ಮ ಮೂಡಿದಳು...

ಎಡಗೈಯಲ್ಲಿ ವೀಣೆ ನುಡಿಸುತ್ತಾ!

ವಿಭಾ ಕವರನ್ನು ಕೈಗೆತ್ತಿಕೊಂಡಳು. ಕೆಂಪು ಅಕ್ಷರಗಳನ್ನು ಮತ್ತೆ ಓದಿದಳು.

“ಬದಿ ತಪ್ಪು ಬರೆದಿದ್ದು... ನಾನಾ? ನಿಮಗೆ ಗೊತ್ತಿತ್ತಾ?”

“ಅವತ್ತ ಗೊತ್ತಾತು. ನಂದೂ ತಪ್ಪೈತಿ. ಫಿಲ್ಮಿನ ಅಂಚಿನ ನಂಬರ್ ನೆಟ್ಟಗೈತೇನು ನೋಡ್ಬೇಕಿತ್ತು. ನೀವು ಬರ್ದೀರಿ ಅಂತ ನೋಡ್ಲಿಲ್ಲ.”

“ಹಾಗಾದ್ರೆ ಯಾಕೆ ಹೇಳ್ಲಿಲ್ಲ?”

“ಅವ್ವಾರ ಫೋಟೋ ಮುಂದ ನಿಂತು ಅಳಾಕತ್ತಿದ್ರಿ. ನಿಮ್ಮನ್ನ ಹ್ಯಾಂಗ ಬಟ್ಟು ಮಾಡಿ ತೋರಿಸ್ಲಿ?”

ಎರಡು ವರ್ಷ ಸಾಕಿದ ಸೇಡು ಅವಳತ್ತಲೇ ತಿರುಗಿ ನಿಂತಿತ್ತು. ಮನೆಗೆ ಫೋನ್ ಮಾಡಿದಳು.

“ಅಪ್ಪಾ... ಅಮ್ಮನ ಫೋಟೋ ಉಲ್ಟಾ ಆಗಿದ್ದು ನನ್ನಿಂದ. ಸಿದ್ದಾರೂಢ್ ಸುಮ್ನೆ ತಪ್ಪನ್ನ ತಮ್ಮ ಮೇಲೆ ಹೊತ್ಕೊಂಡ್ರು.”

ಆ ಕಡೆಯಿಂದ ಅಪ್ಪನ ದನಿ, “ಆ ಹುಡುಗನ್ನ ಕರ್ಕೊಂಡ್ ಬಾಮ್ಮಾ. ಕ್ಯಾಮೆರಾ ಧೂಳು ಹಿಡ್ದಿದೆ... ನೀವು ಬರೋಷ್ಟ್ರಲ್ಲಿ ಒರೆಸಿಡ್ತೀನಿ.”

ವಿಭಾ ಅಳುತ್ತಲೇ ನಕ್ಕಳು. ಅವನು ನೀರಿನ ಬಾಟಲಿ ಮುಂದಿಟ್ಟ.

“ಹಂಗಾರ ಸ್ಕ್ಯಾನರ್ ಯಾವ್ದು ಕಟ್ಲಿ?”

“ಚಪ್ಪಟೆ ಗಾಜಿಂದೇ. ಆದ್ರೆ ಬದಿ ನೋಡೋಕೆ ಇನ್ನೊಂದು ಜೊತೆ ಕಣ್ಣು ಬೇಕು. ದಿನಾ ಮನೆಗೆ ಬರ್ತೀರಾ?”

“ದಿನಾ ಯಾಕ ಅಡ್ಡಾಡ್ಲಿ ವಿಭಾ? ಒಮ್ಮೆ ನೀವ ಬಂದ್ಬಿಡ್ರಲ್ಲ... ನನ್ನ ಮನೀಗೆ!”

ಅವಳು ಫ್ಯಾನನ್ನು ಮೆಲ್ಲಗೆ ಇಬ್ಬರಿಗೂ ತಾಗುವಂತೆ ತಿರುಗಿಸಿದಳು.

“ಅದನ್ನ ಅಪ್ಪನ್ನ ಕೇಳ್ರೀ...”