ಕಾಂಡ್ಲಾ ಕೆಸರಿನ ಮಿಂಚುಳ್ಳಿ

“ಅಜ್ಜಿ, ಸ್ವಲ್ಪ ಆಚೆ ಹೋಗ್ತೀರಾ? ಫೋಟೊದಲ್ಲಿ ನೀವೇ ಬರ್ತಾ ಇದ್ದೀರಿ!”

ಹಲಗೆ ಸೇತುವೆಯ ಮೇಲಿಂದ ಭವ್ಯಾ ಕೂಗಿದಳು. ಕೆಳಗೆ ಕಾಳಿ ನದಿಯ ಕೆಸರಿನಲ್ಲಿ ಬಳಚು ಚಿಪ್ಪುಮೀನು ಹೆಕ್ಕುತ್ತಿದ್ದ ಚಿತ್ತಾಕುಲದ ಕಾಮಿ ತಲೆಯೆತ್ತಿದಳು.

“ಹೋಗ್ತೆ ಮಗಾ. ನೀ ಮಾತ್ರ ಕೆಳಗೆ ಇಳಿಬೇಡ. ಭರತದ ಹೊತ್ತಾಯ್ತು, ನೀರು ಏರ್ತದೆ.” ಬುಟ್ಟಿ ಎತ್ತಿಕೊಂಡು ಅವಳು ಉಪ್ಪುನೀರಿನಲ್ಲಿ ಬೇರುಬಿಟ್ಟ ಕಾಂಡ್ಲಾ ಗಿಡಗಳ ಹಿಂದೆ ಮರೆಯಾದಳು.

ಕಡಲಿನಿಂದ ದೂರದ ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ ಬೆಳೆದ ಭವ್ಯಾಗೆ ಉಬ್ಬರಕ್ಕೆ ನೀರು ಏರುವುದು ಪಾಠದಲ್ಲಿ ಓದಿದ ಸಂಗತಿ, ಅಷ್ಟೇ. ಈ ಸಂರಕ್ಷಿತ ಕಾಡಿಗೆ ಶಾಲೆಯ ಇಕೋ ಕ್ಲಬ್ಬಿನವರು ಫೋಟೊ ಸ್ಪರ್ಧೆಗೆಂದು ಬಂದಿದ್ದರು. ಗೆಳತಿ ನೀಲಾ, ಉಳಿದವರೆಲ್ಲ ನಂದಿನಿ ಮೇಡಂ ಜೊತೆ ನೀರುನಾಯಿ ನೋಡಲು ಮುಂದೆ ಹೋಗಿದ್ದರು. ಇವಳ ಕಣ್ಣು ಮಾತ್ರ ಬೇರಿನ ಮೇಲೆ ಕೂತ ಮಿಂಚುಳ್ಳಿಯ ಮೇಲೆ. ಇನ್ನು ನಾಲ್ಕೇ ಹೆಜ್ಜೆ ಹತ್ತಿರ ಹೋದರೆ ಫಸ್ಟ್ ಪ್ರೈಜ್ ಗ್ಯಾರಂಟಿ!

ಮೆಲ್ಲಗೆ ಇಳಿದಳು. ಒಂದು, ಎರಡು, ಮೂರು. ನಾಲ್ಕನೆಯ ಹೆಜ್ಜೆಗೆ ಕಾಲು ಮೊಣಕಾಲಿನ ತನಕ ಹೂತುಹೋಯಿತು. ಎಳೆಯಲು ಹೋದರೆ ಇನ್ನೊಂದು ಕಾಲೂ ಹೂತಿತು. ಮಿಂಚುಳ್ಳಿ ಪುರ್ರೆಂದು ಹಾರಿತು.

“ಮೇಡಂ! ನೀಲಾ!”

ಯಾರೂ ಓಗೊಡಲಿಲ್ಲ. ಹತ್ತಿರವಿದ್ದವಳು ಆ ಅಜ್ಜಿ ಒಬ್ಬಳೇ. ಅವಳನ್ನೂ ತಾನೇ ಆಚೆ ಕಳಿಸಿದ್ದಾಯಿತು. ಬೇರುಗಳ ನಡುವಿನಿಂದ ನೀರು ಸದ್ದಿಲ್ಲದೆ ಬಂದು ತೊಡೆ ಮುಟ್ಟಿತು. ಒದ್ದಾಡಿದಷ್ಟೂ ಕೆಸರು ಒಳಕ್ಕೆಳೆಯಿತು.

“ಅಜ್ಜೀ!” ಗಂಟಲು ಹರಿಯುವಂತೆ ಕಿರುಚಿದಳು.

“ಕಾಲ ಎಳೂಕೆ ಹೋಗ್ಬೇಡ್ವೇ!” ಕಾಮಿ ಗಿಡ ಸರಿಸಿಕೊಂಡು, ಬೇರುಗಳ ಮೇಲೆ ಕಾಲಿಡುತ್ತ ಬಂದೇ ಬಂದಳು. ಬೆಳಗಿನಿಂದ ಹೆಕ್ಕಿದ್ದ ಬಳಚನ್ನೆಲ್ಲ ನೀರಿಗೆ ಸುರಿದು, ಖಾಲಿ ಬುಟ್ಟಿಯನ್ನು ಭವ್ಯಾಳ ಮುಂದೆ ಬೋರಲು ಹಾಕಿದಳು. “ಕ್ಯಾಮೆರಾ ಬೆನ್ನಿಗೆ ತಳ್ಳು. ಇದ್ರ ಮೇಲೆ ಎದೆ ಊರಿ ಮಲಗು.”

“ಮಲಗಿದ್ರೆ ಮುಳುಗ್ತೇನೆ ಅಜ್ಜಿ!”

“ನಿಂತ್ರೇ ಮುಳುಗೂದು! ಮಲಗೇ ಅಂದ್ರೆ!”

ಭವ್ಯಾ ಕಣ್ಣು ಮುಚ್ಚಿ ಮಲಗಿದಳು. ನೀರು ಗದ್ದಕ್ಕೆ ಬಂತು. ಕಾಮಿ ಕೆಸರಿನೊಳಗೆ ಕೈ ತೂರಿಸಿ ಕಾಲಿನ ಸುತ್ತ ಕೆದಕತೊಡಗಿದಳು. ಪಚಕ್! ಒಂದು ಕಾಲು ಬಂತು, ಶೂ ಅಲ್ಲೇ ಉಳಿಯಿತು. ಇನ್ನೊಂದು ಕಾಲು ಜಪ್ಪಯ್ಯ ಅಂದರೂ ಬರಲಿಲ್ಲ. ನೀರು ತುಟಿಗೆ ಉಪ್ಪುಪ್ಪಾಗಿ ತಾಗಿತು.

“ಹೇಳದ್ ಮಾತ ಕೇಳೂಕಿಲ್ಲ! ಕಿವಿ ಎಲ್ಲಿ ಇಟ್ಟೀದೆ?” ಕಾಮಿ ಬೈಯುತ್ತಲೇ ಕೆದಕಿದಳು.

ಪಚಕ್!

ಹೊಟ್ಟೆಯ ಮೇಲೆ ತೆವಳುತ್ತ, ಬುಟ್ಟಿ ತಳ್ಳುತ್ತ ಇಬ್ಬರೂ ಸೇತುವೆ ಹತ್ತಿದರು. ಅಷ್ಟರಲ್ಲಿ ಕೂಗು ಕೇಳಿದ ಮೇಡಂ ಏದುಸಿರು ಬಿಡುತ್ತ ಓಡಿ ಬಂದರು. “ಅಯ್ಯೋ ದೇವ್ರೇ! ಏನಾಯ್ತು ಭವ್ಯಾ?”

ಭವ್ಯಾ ಕಾಮಿಯ ಕಡೆ ತಿರುಗಿದಳು. ಈ ಅಜ್ಜಿಗೆ ಹೆದರಿಕೆ ಎಂಬುದೇ ಗೊತ್ತಿಲ್ಲ ಎಂದುಕೊಳ್ಳುತ್ತ ಅವಳ ಕೈ ಹಿಡಿದಳು.

ಆ ಕೈ ಗಡಗಡ ನಡುಗುತ್ತಿತ್ತು.

ಭವ್ಯಾ ಅವಳ ಮುಖ ನೋಡಿದಳು. ಆಮೇಲೆ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಇಟ್ಟುಕೊಂಡು, ನಡುಕ ನಿಲ್ಲುವ ತನಕ ಅಲ್ಲೇ ಕೂತಳು.