ಭಾನುವಾರದವರೆಗೆ

ನನಗೆ ಗೆಳತಿಯರು ಇರಲಿಲ್ಲ. ನೆಬ್ರಾಸ್ಕಾದ ಆ ಕಾಲೇಜಿಗೆ ಬಂದು ವರ್ಷ ಕಳೆದರೂ, ಜ್ವರ ಬಂದರೆ ಮಾತ್ರೆ ತಂದುಕೊಡುವವರು ಒಬ್ಬರಿಲ್ಲ. ಎರಡನೇ ವರ್ಷ ಹಾಸ್ಟೆಲಿನಲ್ಲಿ ರೂಮು ಸಿಗಲಿಲ್ಲವೆಂದು ಸೊರಾರಿಟಿ ಎಂಬ ಹುಡುಗಿಯರ ಸಂಘದ ಮನೆ ಸೇರಿದೆ. ನಲವತ್ತು ಹುಡುಗಿಯರು, ಒಂದೇ ಮನೆ, ಒಂದೇ ಅಡುಗೆ. ಹೊಸಬಳಿಗೆ ಹಳಬರಲ್ಲಿ ಒಬ್ಬಳನ್ನು ಅಕ್ಕನಾಗಿ ಗೊತ್ತುಮಾಡುತ್ತಾರೆ. ನನ್ನ ಪಾಲಿಗೆ ಬಂದವಳು ಮಾರ್ನಿ. ಮನೆಯ ಅಧ್ಯಕ್ಷೆ, ಬಾಯಿ ಜೋರು.

"ಹ್ಯಾಟಿ, ನೀನೇನು ಬಾಡಿಗೆಗೆ ಬಂದವಳ ಥರ ಕೂತಿದ್ದೀಯಲ್ಲೇ?"

"ಬಾಡಿಗೆಗೇ ಬಂದಿರೋದು."

ಅವಳು ನಕ್ಕು ತನ್ನ ತಟ್ಟೆಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡಳು.

ಶುಕ್ರವಾರ ಸಂಜೆ ಡೇನ್ ನನ್ನನ್ನು ನೋಡಲು ಬರುತ್ತಿದ್ದ. ಕೃಷಿ ಓದುವವನು, ರೈತರ ಮಗ. ಹುಡುಗರು ನಮ್ಮ ಮಹಡಿಯ ಮೆಟ್ಟಿಲು ಹತ್ತುವಂತಿಲ್ಲ. ಹಾಲ್‌ನಲ್ಲಿ ಟೋಪಿ ತಿರುಗಿಸುತ್ತ ನಿಂತಿರುತ್ತಿದ್ದ.

"ಏನಯ್ಯಾ, ಉಗುರಲ್ಲಿ ಅರ್ಧ ಹೊಲ ಇದೆಯಲ್ಲ?" ಮಾರ್ನಿ ಕೆಣಕುವಳು.

"ಇನ್ನರ್ಧ ಬೂಟಲ್ಲಿದೆ."

ಹೇಳುವುದು ಅವಳಿಗೆ, ನೋಡುವುದು ನನ್ನನ್ನು. ಮುಖ ಗಂಭೀರ, ಕಿವಿ ಮಾತ್ರ ಕೆಂಪು. ನಾನು ಸೋತದ್ದು ಆ ಕಿವಿಗಳಿಗೆ.

ಅಕ್ಟೋಬರಿನ ಒಂದು ಸೋಮವಾರ ಅವನು ತನ್ನ ಪಿಕಪ್‌ನಲ್ಲಿ ಕೂತು ಉಂಗುರ ಕೊಟ್ಟ. ನಾನು ಹೂಂ ಅಂದದ್ದೇ ಫೋನ್ ತೆಗೆದ.

"ಅಮ್ಮಂಗೆ ಹೇಳ್ತೀನಿ ತಡಿ."

"ಬೇಡ ಕಣೋ! ಭಾನುವಾರದವರೆಗೆ ಯಾರಿಗೂ ಹೇಳಬಾರದು."

ನಮ್ಮ ಸೊರಾರಿಟಿ ಮನೆಯ ಪದ್ಧತಿ ಅದು. ಮದುವೆ ಗೊತ್ತಾದವಳು ಉಂಗುರವನ್ನು ಗುಟ್ಟಾಗಿ ಅಧ್ಯಕ್ಷೆಗೆ ಕೊಡುತ್ತಾಳೆ. ಅದನ್ನು ಮೇಣದಬತ್ತಿಗೆ ರಿಬ್ಬನ್ನಿನಲ್ಲಿ ಕಟ್ಟುತ್ತಾರೆ. ಭಾನುವಾರ ಎಲ್ಲರೂ ಸುತ್ತ ನಿಂತು ಉರಿಯುವ ಬತ್ತಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಮೂರನೇ ಸುತ್ತಿನಲ್ಲಿ ಊದಿ ಆರಿಸಿದವಳೇ ಮದುಮಗಳು. ಆಮೇಲೆ ಕಿರುಚಾಟ, ಅಪ್ಪುಗೆ. ನಲವತ್ತು ಜನ ನನಗಾಗಿ ಕಿರುಚುವುದನ್ನು ನಾನು ಕೇಳಬೇಕಿತ್ತು.

"ಅಮ್ಮಂಗೂ ಬೇಡ್ವಾ?"

"ಅಮ್ಮಂಗೂ ಬೇಡ. ಆರು ದಿನ ತಡ್ಕೊಳಕ್ಕಾಗಲ್ವಾ?"

"ಹೊಟ್ಟೆ ಒಡೆದು ಸಾಯ್ತೀನಿ ಅಷ್ಟೇ," ಅಂದ. ಫೋನ್ ಒಳಗಿಟ್ಟ. ಆ ರಾತ್ರಿಯೇ ಉಂಗುರವನ್ನು ಮಾರ್ನಿಗೆ ಕೊಟ್ಟೆ.

ಶುಕ್ರವಾರ ಅಪ್ಪನಿಗೆ ನೆರವಾಗಲು ಊರಿಗೆ ಹೋದ. ಮನೆಯೆತ್ತರದ ತಗಡಿನ ಕಣಜದಲ್ಲಿ ಮೆಕ್ಕೆಜೋಳ ಗಟ್ಟಿಯಾಗಿ ಕಟ್ಟಿಕೊಂಡಿತ್ತು. ಅದನ್ನು ಬಿಡಿಸಲು ಕೋಲು ಹಿಡಿದು ಒಳಗಿಳಿದ. ಕಾಲಡಿಯ ಕಾಳು ಕುಸಿದು ಅವನನ್ನು ಒಳಗೆಳೆದುಕೊಂಡಿತು. ಜನ ಸೇರಿ ತಗಡು ಕತ್ತರಿಸಿ ಅವನನ್ನು ಹೊರತೆಗೆಯುವಷ್ಟರಲ್ಲಿ ಉಸಿರು ಹೋಗಿತ್ತು.

ಭಾನುವಾರ ಬತ್ತಿ ಹಚ್ಚಲಿಲ್ಲ. ಒಬ್ಬಳು ನನ್ನ ತಲೆ ತೊಳೆದಳು. ಇನ್ನೊಬ್ಬಳು ಸೂಪನ್ನು ಚಮಚದಲ್ಲಿ ಕುಡಿಸಿದಳು. ಮಾರ್ನಿ ತನ್ನ ಹಾಸಿಗೆ ತಂದು ನನ್ನ ಮಂಚದ ಪಕ್ಕ ನೆಲಕ್ಕೆ ಹಾಕಿದಳು. ಎಲ್ಲ ಸರಿಹೋಗುತ್ತೆ ಅಂತ ಯಾರೂ ಹೇಳಲಿಲ್ಲ. ಮಂಗಳವಾರ ಒಂಬತ್ತು ಕಾರುಗಳಲ್ಲಿ ಎಲ್ಲರೂ ನನ್ನ ಜೊತೆ ಅವನ ಊರಿಗೆ, ಅಂತ್ಯಕ್ರಿಯೆಗೆ ಬಂದರು.

ಚರ್ಚಿನಲ್ಲಿ ಪಾದ್ರಿಗಳು, ಡೇನ್ ಅಗಲಿ ಹೋದವರೆಂದು ಅವನ ಅಪ್ಪ, ಅಮ್ಮ, ಚಿಕ್ಕಪ್ಪಂದಿರು, ಕೊನೆಗೆ ನಾಯಿಯ ಹೆಸರನ್ನೂ ಹೇಳಿದರು. ನನ್ನ ಹೆಸರಿರಲಿಲ್ಲ. ನಾನು ಕೊನೆಯ ಸಾಲಿನಲ್ಲಿದ್ದೆ. ಚರ್ಚಿನ ನೆಲಮಾಳಿಗೆಯಲ್ಲಿ ಊಟದ ಹೊತ್ತಿಗೆ, ನನ್ನನ್ನು ಎಂದೂ ನೋಡಿರದ ಡೇನ್‌ನ ತಾಯಿ ನನ್ನ ಕೈ ಹಿಡಿದರು.

"ನೀನು ಅವನ ಕ್ಲಾಸಾ ಮಗು?"

"ಹೂಂ," ಅಂದೆ.

ಪಕ್ಕದಲ್ಲಿದ್ದ ಮಾರ್ನಿ ಬ್ಯಾಗಿನಿಂದ ಮೇಣದಬತ್ತಿ ತೆಗೆದಳು. ಉಂಗುರ ಹಾಗೇ ತೂಗುತ್ತಿತ್ತು.

"ಬೇಡ ಮಾರ್ನಿ."

"ಇಲ್ಲಿ ತನಕ ಬಂದಿದ್ದು ಸ್ಯಾಂಡ್‌ವಿಚ್ ತಿನ್ನೋಕಾ? ಸುಮ್ನೆ ನಿಂತ್ಕೊಳೇ." ತಾಯಿಯ ಕಡೆ ತಿರುಗಿ, "ಅಮ್ಮಾ, ನೀವೂ ಬನ್ನಿ," ಅಂದಳು.

ಹುಡುಗಿಯರು ಕುರ್ಚಿ ಸರಿಸಿ ಸುತ್ತ ನಿಂತರು. ಮಾರ್ನಿ ಹಚ್ಚಿದ ಬತ್ತಿ ಕೈಯಿಂದ ಕೈಗೆ ಹೊರಟಿತು. ತಾಯಿಯ ಕೈಗೆ ಬಂದಾಗ ಅವರು ಉಂಗುರ ನೋಡಿ ದಾಟಿಸಿದರು. ಮೂರನೇ ಸುತ್ತಿನಲ್ಲಿ ಅದು ನನ್ನ ಕೈಯಲ್ಲಿ ನಿಂತಿತು. ಮೇಣ ಬೆರಳ ಮೇಲೆ ಹರಿಯಿತು. ಮಾರ್ನಿ ನನ್ನ ಮೊಣಕೈ ಹಿಡಿದಳು.

ಊದಿದೆ. ಯಾರೂ ಕಿರುಚಲಿಲ್ಲ.

"ಯಾವತ್ತು ಕೇಳಿದ?" ತಾಯಿ ಕೇಳಿದರು.

"ಸೋಮವಾರ."

"ಗುರುವಾರ ಫೋನ್ ಮಾಡಿ ನಗ್ತಾನೇ ಇದ್ದ. ಏನಾಯ್ತೋ ಅಂದ್ರೆ, ಭಾನುವಾರ ಹೇಳ್ತೀನಿ ಅಂದ."

"ನಾನೇ ಹೇಳಬೇಡ ಅಂದಿದ್ದೆ."

ಅವರು ತಮ್ಮ ಮನೆಯವರ ಮೇಜಿನಲ್ಲಿ ಒಂದು ಕುರ್ಚಿ ಎಳೆದು ನನ್ನನ್ನು ಕೂರಿಸಿದರು. ತಾವು ಮಾತ್ರ ಕೂರಲಿಲ್ಲ.

ಅವರು ಕಳೆದುಕೊಂಡದ್ದು ಒಬ್ಬ ಮಗ, ಒಂದು ಮದುವೆ, ನಾಲ್ಕು ದಿನದ ಸಂತೋಷ.