ಉಜ್ಜಿ ತೆಗೆದ ಇಸವಿ

ಕುರ್ಲಾದ ಗುಜರಿಯಲ್ಲಿ ನಾನು ಹಳೇ ಕಾರುಗಳ ಎಂಜಿನ್‌ಗೆ ವಿಭೂತಿ ಬಳಿದು ನೋಡುತ್ತಿದ್ದೆ. ಎರಕದಲ್ಲಿ ಉಬ್ಬಿದ ಇಸವಿ ಆಗ ಬೆಳ್ಳಗೆ ಎದ್ದು ಕಾಣುತ್ತದೆ. 1973ರ ಒಂದು ಮಧ್ಯಾಹ್ನ ಹಾಗೆ 1938 ಕಂಡಿತು. ಮಾಲೀಕ ಗುರಲಿಂಗಪ್ಪನಿಗೆ ಅಷ್ಟು ಹಳತು ಸಾಲಲಿಲ್ಲ.

"ಉಜ್ಜಿ ತೆಗಿ. ಇಪ್ಪತ್ತಾರು ಅಂತ ಹೊಡಿ. ಕೊಳ್ಳೋ ಸೇಠ್ ಇನ್ನೂ ಹಳೇದ ಕೇಳ್ಯಾನ."

"ಅದು ಹುಟ್ಟಿದ ವರ್ಷರೀ. ಅಳಸಾಕ ನೀವ್ಯಾರು?" ಎಂದು ಸಿಡುಕಿದೆ.

ಅವನೇ ಗ್ರೈಂಡರ್ ಹಿಡಿದ. ಅಂಕಿ ಹೋಯಿತು. ಆದರೆ ಆ ಕಬ್ಬಿಣ ಸಂಜೆಯಾದರೂ ತಣಿಯಲಿಲ್ಲ; ನೀರು ಸುರಿದರೂ ಜ್ವರದ ಮೈಯಂತೆ ಸುಡುತ್ತಿತ್ತು.

ಮರುದಿನ ಪಕ್ಕದ ಎಂಜಿನ್‌ಗೆ ವಿಭೂತಿ ಬಳಿದೆ. ನಿನ್ನೆ 1951 ಇದ್ದಲ್ಲಿ 1938 ಉಬ್ಬಿತ್ತು. ಅದರಾಚೆಯದರಲ್ಲೂ ಅದೇ. ಇದು ನನ್ನದೇ ಕಿತಾಪತಿ ಎಂದು ಗುರಲಿಂಗಪ್ಪ ಬೈದ.

ರೇಗಿ, ಬೆಳಗಿನಿಂದ ಚಾಲೂ ಮಾಡದ ಅವನ ಹೊಸ ಸ್ಕೂಟರಿನ ಎಂಜಿನ್‌ಗೂ ವಿಭೂತಿ ಬಳಿದೆ. ಬೆರಳು ಚುರ್ ಎಂದಿತು. ಅಲ್ಲಿಯೂ 1938.